ಒಂದೇ ಮನೆಯಲ್ಲಿ ನಲವತ್ತೊಂದು ಜ್ವರ

ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕೆಮ್ಮುತ್ತಾ ಠಾಣೆಗೆ ಬಂದರು.

"ಸರ್ಕಾರಿ ನಕ್ಷೆ ಪ್ರಕಾರ ನಮ್ಮನೇಲಿ ನಲವತ್ತೊಂದು ಜನಕ್ಕೆ ಜ್ವರ ಮೇಡಂ. ಇರೋದು ನಾನು, ಒಂದು ಗಿಣಿ. ಇಬ್ಬರೂ ಗಟ್ಟಿಮುಟ್ಟಾಗಿದ್ದೀವಿ. ಆದರೂ ಸೊಳ್ಳೆಗೆ ಹೊಗೆ ಹಾಕೋರು ದಿನಾ ಬರ್ತಾರೆ. ಗಿಣಿ ಈಗ ಮಾತು ಬಿಟ್ಟು ಕೆಮ್ಮೋದು ಕಲಿತಿದೆ."

ಇನ್ಸ್‌ಪೆಕ್ಟರ್ ನಗು ನುಂಗಿಕೊಂಡು, ಸುಳ್ಳು ದಾಖಲೆ ಸೃಷ್ಟಿಯೆಂದು ಎಫ್‌ಐಆರ್ ಬರೆಸಿದರು.

ಹನ್ನೆರಡಕ್ಕೆ ಮೇಷ್ಟ್ರ ಮನೆಯಲ್ಲಿ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಕೋರ್ಟಿನ ಗುಮಾಸ್ತರ ದನಿ ತೆಗೆದು ಓದಿದ: "ಮಂಚ ಒಂದು, ಗಿಣಿ ಒಂದು, ರೋಗಿಗಳು ಸೊನ್ನೆ."

ಮೂರು ಗಂಟೆಗೆ ಆರೋಗ್ಯ ಕಚೇರಿ. ಕಂಪ್ಯೂಟರಿನವನು ನಕ್ಷೆ ತೆರೆದ. "ಒಂದು ಕೆಂಪು ಚುಕ್ಕೆ ಅಂದ್ರೆ ಒಬ್ಬ ರೋಗಿ. ಚುಕ್ಕೆ ಜಾಸ್ತಿ ಇರೋ ಕಡೆಗೆ ಔಷಧಿ ವ್ಯಾನು ಕಳಿಸ್ತೀವಿ. ಇವು ಸುಳ್ಳಾದ್ರೆ ನಾಳಿದ್ದಿನಿಂದ ವ್ಯಾನು ಬಂದ್."

ನಲವತ್ತೊಂದೂ ಒಬ್ಬಳೇ ನರ್ಸಮ್ಮನ ಫೋನಿನಿಂದ ಬಂದಿದ್ದವು. ಪ್ರತಿ ಚುಕ್ಕೆಗೂ ಹೆಸರು, ವಯಸ್ಸು. ಲ್ಯಾಬಿನಲ್ಲಿ ವಿಚಾರಿಸಿದರೆ ರಕ್ತಪರೀಕ್ಷೆಯೂ ನಿಜ.

"ರೋಗಿಗಳು ನಿಜ, ವಿಳಾಸ ಮಾತ್ರ ಸುಳ್ಳು," ಎಂದರು ಇನ್ಸ್‌ಪೆಕ್ಟರ್. "ಮೇಷ್ಟ್ರ ಹಿತ್ತಲಾಚೆ ಏನಿದೆ?"

ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ. ಬುಧವಾರ ಬೆಳಗ್ಗೆ ಎಂಟಕ್ಕೆ ಕಾಲುವೆಯ ಹಲಗೆ ದಾಟಿದರೆ ತಗಡಿನ ಮನೆಗಳ ಸಾಲೇ ಇತ್ತು. ಮೇಷ್ಟ್ರೂ ಬೆನ್ನು ಬಿಡದೆ ಬಂದಿದ್ದರು. ನರ್ಸಮ್ಮ ಒಂದು ಮಗುವಿನ ಜ್ವರ ನೋಡುತ್ತಿದ್ದಳು.

"ಇವರನ್ನೆಲ್ಲ ಮೇಷ್ಟ್ರ ಮನೆಗೆ ಯಾಕಮ್ಮ ತುಂಬಿದೆ?"

"ಫೋನು ಮನೆ ನಂಬರ್ ಕೇಳುತ್ತೆ ಮೇಡಂ. ಇಲ್ಲಿ ಯಾರಿಗೂ ನಂಬರಿಲ್ಲ. ನಂಬರಿಲ್ಲದ ಜ್ವರ ಅದು ತಗೊಳ್ಳಲ್ಲ. ಹತ್ತಿರದ ನಂಬರು ಇವರದೇ. ವ್ಯಾನು ಇವರ ಬೀದಿಗೆ ಬಂದ್ರೆ ಔಷಧಿ ನಾನೇ ಇಲ್ಲಿಗೆ ಹೊತ್ತು ತರ್ತೀನಿ."

"ಮೇಲಿನವರಿಗೆ ಹೇಳಲಿಲ್ವಾ?"

"ಮೂರು ಅರ್ಜಿ ಕೊಟ್ಟೆ. ಜಾಗ ಎಲ್ಲಿದೆ, ನಕ್ಷೇಲಿ ತೋರಿಸಿ ಅಂದ್ರು." ಅವಳು ಥರ್ಮಾಮೀಟರ್ ಒರೆಸಿದಳು. "ನನ್ನ ಕರ್ಕೊಂಡು ಹೋಗಿ. ವ್ಯಾನು ನಿಲ್ಲಿಸಬೇಡಿ."

ಒಂಬತ್ತೂ ಇಪ್ಪತ್ತಕ್ಕೆ ದಸ್ತಗಿರಿ. ಪಂಚನಾಮೆಗೆ ಸ್ಥಳದ ನಕಾಶೆ ಬೇಕಿತ್ತು. ಹೆಡ್ ಕಾನ್‌ಸ್ಟೇಬಲ್ ಗೆರೆ ಎಳೆದದ್ದು ನೋಡಲಾಗದೆ ಮೇಷ್ಟ್ರು ಪೆನ್ಸಿಲ್ ಕಿತ್ತುಕೊಂಡರು. ಹಲಗೆಯಿಂದ ಕೊನೆಯ ತಗಡಿನವರೆಗೆ ಒಂದೊಂದು ಮನೆಯನ್ನೂ ಬರೆದು ನಂಬರ್ ಹಾಕಿದರು. ಇನ್ಸ್‌ಪೆಕ್ಟರ್ ಅದಕ್ಕೆ ಮೊಹರು ಒತ್ತಿ, ಒಂದು ಪ್ರತಿಯನ್ನು ಅಂದೇ ಆರೋಗ್ಯ ಕಚೇರಿಗೆ ಕಳಿಸಿದರು: ಸರ್ಕಾರಿ ದಾಖಲೆ, ನಕ್ಷೆಗೆ ಸೇರಿಸಿಕೊಳ್ಳುವುದು.

ಸಂಜೆ ಠಾಣೆಯಲ್ಲೇ ಜಾಮೀನು. ನಿಂತವರು ಮೇಷ್ಟ್ರೇ.

"ಆರೋಪಿಗೂ ನಿಮಗೂ ಏನು ಸಂಬಂಧ?"

"ನಮ್ಮನೆಯ ನಲವತ್ತೊಂದು ಜನರನ್ನ ನೋಡಿಕೊಂಡ ತಾಯಿ. ಹಾಗೇ ಬರ್ಕೊಳ್ಳಿ."

ನರ್ಸಮ್ಮನ ಹೇಳಿಕೆಯ ಕೊನೆಯ ಸಾಲು ಹೀಗಿತ್ತು: ಹೋದ ವರ್ಷ ಆ ತಗಡಿನ ಮನೆಗಳಿಂದ ಒಂದು ಮಗುವನ್ನು ಹೊತ್ತು ಆಸ್ಪತ್ರೆಗೆ ಓಡಿದ್ದೆ; ತಲುಪುವಷ್ಟರಲ್ಲಿ ತಡವಾಗಿತ್ತು.

ಶುಕ್ರವಾರ ವ್ಯಾನು ಹಲಗೆಯ ಬಳಿಯೇ ಬಂದು ಹಾರನ್ ಹೊಡೆಯಿತು. ಗಿಣಿ ಕೆಮ್ಮು ಬಿಟ್ಟು ಅದನ್ನೇ ಕಲಿಯತೊಡಗಿದೆಯೆಂದು ಮೇಷ್ಟ್ರು ಠಾಣೆಗೆ ಫೋನ್ ಮಾಡಿ ಹೇಳಿದರು. ಅದಕ್ಕೆ ದೂರೇನೂ ಇಲ್ಲವಂತೆ.