ಹಗಲಲ್ಲೇ ದೀಪದ ಹೊತ್ತು

ಹಾರನಹಳ್ಳಿಯ ಕೊಬ್ಬರಿ ಗೋದಾಮಿನ ಬಾಗಿಲು ಬೆಳಿಗ್ಗೆ ತೆರೆದೇ ಇತ್ತು. ಯಜಮಾನ ದೇವೀರಪ್ಪ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಮೇಲೆ ಅಟ್ಟದ ತುಂಬ ಒಣಗಲು ಬಿಟ್ಟ ತೆಂಗಿನಕಾಯಿ. ಕೆಳಗೆ ಗೋಣಿಚೀಲದ ರಾಶಿ. ರಾಶಿಯ ಹಿಂದೆ ಎರಡು ಪಾದ.

ಅಟ್ಟ ಕಾಯುತ್ತಿದ್ದ ತಮ್ಮಯ್ಯ ಅಂಗಾತ ಬಿದ್ದಿದ್ದ. ತಲೆಯ ಹಿಂದೆ ರಕ್ತ ಒಣಗಿ ಕಪ್ಪಾಗಿತ್ತು. ಏಣಿ ಪಕ್ಕಕ್ಕೆ ಉರುಳಿತ್ತು. ಅರೆತೆರೆದ ಕಣ್ಣು ಅಟ್ಟವನ್ನೇ ನೋಡುತ್ತಿತ್ತು. ಕಾವಲು ಇನ್ನೂ ಮುಗಿದಿಲ್ಲವೇನೋ ಎಂಬಂತೆ.

ಹೊರಗೆ ಜಗಲಿಯಲ್ಲಿ ಹಮಾಲಿ ಲಕ್ಕಪ್ಪ ಕುಡಿದು ಮಲಗಿದ್ದ. ಅವನು ತಮ್ಮಯ್ಯನ ಹೆಂಡತಿಯ ತಮ್ಮ. ಹಿಂದಿನ ದಿನ ಕುಡಿತದ ವಿಚಾರಕ್ಕೇ ಭಾವ ಭಾಮೈದರಿಗೆ ದೊಡ್ಡ ಜಗಳವಾಗಿತ್ತು. ಊರೆಲ್ಲ ಕೇಳಿತ್ತು.

ಅರಸೀಕೆರೆಯಿಂದ ಸಬ್ ಇನ್ಸ್‌ಪೆಕ್ಟರ್ ಸಿದ್ಧಾರ್ಥ ಬಂದ. ಹೆಣದ ಮುಂದೆ ಟೋಪಿ ತೆಗೆದು ಒಂದು ಕ್ಷಣ ಕಣ್ಣು ಮುಚ್ಚಿದ. ಸತ್ತವರ ಬಳಿ ಮೊದಲು ಮೌನ, ಆಮೇಲೆ ಪ್ರಶ್ನೆ. ಅದು ಅವನ ಅಭ್ಯಾಸ.

ಗೋದಾಮಿನ ಮೂಲೆಯಲ್ಲಿ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಇತ್ತು. ದೇವೀರಪ್ಪ ಅದರ ಮುಂದೆ ಕೂತು ಬೆವರು ಒರೆಸಿಕೊಂಡರು.

"ಇಲ್ಲಿ ನೋಡಿ ಸಾರ್. 'ಅಟ್ಟದ ಎಣಿಕೆ ಮುಗಿಯಿತು, ತಮ್ಮಯ್ಯ.' ನಿನ್ನೆ ಸಂಜೆ ದೀಪ ಹಚ್ಚಿದ ಮೇಲೆ ಬಿದ್ದಿರೋ ನಮೂದು. ಅಂದ್ರೆ ಅಲ್ಲೀವರೆಗೂ ಜೀವ ಇತ್ತು."

"ಆಮೇಲೆ ಇಲ್ಲಿ ಯಾರಿದ್ರು?"

ದೇವೀರಪ್ಪ ಜಗಲಿಯ ಕಡೆ ನೋಡಿದರು.

* * *

ಲಕ್ಕಪ್ಪನನ್ನು ಜೀಪಿಗೆ ಹತ್ತಿಸುವಾಗ ತಮ್ಮಯ್ಯನ ಹೆಂಡತಿ ವಿಶಾಲಮ್ಮ ಓಡಿ ಬಂದಳು. ಗಂಡನ ಹೆಣ ಇನ್ನೂ ಒಳಗೇ ಇತ್ತು.

"ಸ್ವಾಮಿ, ಗಂಡ ಹೋದ. ಇವನೊಬ್ಬ ಉಳ್ದವ್ನೆ. ಇವನ್ನೂ ನೀವು ಕರ್ಕೊಂಡೋದ್ರೆ ನನಗೆ ಅಂತ ಈ ಭೂಮಿ ಮ್ಯಾಲೆ ಯಾರವ್ರೆ?"

"ವಿಚಾರಣೆ ಅಷ್ಟೇ ತಾಯಿ."

"ವಿಚಾರಣೆಗೆ ಅಂತ ಹೋದೋರು ಯಾವಾಗ್ ಬಂದವ್ರೆ?"

ಸಿದ್ಧಾರ್ಥ ಜೀಪು ಹತ್ತಿದ.

ಠಾಣೆಯಲ್ಲಿ ಲಕ್ಕಪ್ಪನ ಅಮಲು ಇಳಿಯಿತು. ಭಯ ಇಳಿಯಲಿಲ್ಲ.

"ನಾನು ಸಂಜೆ ಕುಡ್ದಿದ್ದು ಹೆದರ್ಕೊಂಡು ಸಾ. ಮಧ್ಯಾಹ್ನ ಅರೇಹಳ್ಳಿ ಕಡೆ ಲಾರಿಗೆ ಲೋಡು ಮಾಡ್ಬೇಕಿತ್ತು. ಭಾವನ್ನ ಕೂಗ್ದೆ. ಇರ್ಲಿಲ್ಲ. ಆ ಕಂಪ್ಯೂಟ್ರು ನೋಡ್ತೀನಿ, 'ದೀಪ ಹಚ್ಚುವ ಹೊತ್ತಾಯಿತು, ಇವತ್ತಿಗೆ ಬಾಗಿಲು ಹಾಕಿದೆ' ಅಂತ ಬರ್ದೈತೆ. ಹೊರಗೆ ನೋಡಿದ್ರೆ ರಣ ಬಿಸಿಲು!"

"ಕುಡಿದು ಓದಿದ್ಯಾ?"

"ಓದಿದ್ಮೇಲೆ ಕುಡ್ದೆ ಸಾ. ಬಿಸಿಲಲ್ಲಿ ದೀಪದ ಹೊತ್ತು ಅಂದ್ರೆ ಏನ್ ಅರ್ಥ? ಯಾರ್ದೋ ಹೊತ್ತು ಮುಳುಗ್ತು ಅಂತ. ಲಾರಿಯೋನ್ನ ನಾಳೆ ಬಾ ಅಂತ ಕಳ್ಸಿ ಹೆಂಡದಂಗಡಿಗೆ ಹೋದೆ."

ಕಾನ್‌ಸ್ಟೇಬಲ್ ರಾಮಣ್ಣ ನಕ್ಕ. "ಏನ್ಲಾ, ಕಂಪ್ಯೂಟರಿಗೂ ದೆವ್ವ ಹಿಡೀತಾ?"

ಸಿದ್ಧಾರ್ಥ ನಗಲಿಲ್ಲ. ಸುಳ್ಳು ಹೇಳುವವನು ನಂಬುವಂಥ ಸುಳ್ಳನ್ನೇ ಹೇಳುತ್ತಾನೆ. ಇಂಥದ್ದನ್ನು ಯಾರು ಕಟ್ಟುತ್ತಾರೆ?

ಡಾಕ್ಟರ ವರದಿಯೂ ನೆರವಾಗಲಿಲ್ಲ. ಹೆಂಚಿನ ಗೋದಾಮು, ಒಳಗೆ ಕಾವು. ಸಾವು ಮಧ್ಯಾಹ್ನವೂ ಆಗಿರಬಹುದು, ಸಂಜೆಯೂ ಆಗಿರಬಹುದು ಎಂದರು.

* * *

ಮರುದಿನ ಊರಲ್ಲಿ ಬೇರೆಯದೇ ಮಾತು. ಗೋದಾಮಿನಲ್ಲಿ ಸದ್ದಾಗುತ್ತಿದೆ. ಬೀಗ ಹಾಕಿದ ಬಾಗಿಲಿನ ಹಿಂದೆ ಕಾಯಿ ಲೊಡಲೊಡ ಅನ್ನುತ್ತವೆ. ಎಣಿಕೆ ಮಾಡುವಾಗ ಸತ್ತ ತಮ್ಮಯ್ಯ ಇನ್ನೂ ಎಣಿಸುತ್ತಿದ್ದಾನೆ.

ಸಿದ್ಧಾರ್ಥ ಒಳಗೆ ಹೋಗಿ ನಿಂತ. ನಿಜ, ಸದ್ದಿತ್ತು. ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಇಲಿ ಓಡಿದರೂ ಸಾಕು, ಅದು ಉರುಳಿ ನುಡಿಯುತ್ತದೆ. ಕಾರಣ ಗೊತ್ತಿದ್ದರೂ ಒಮ್ಮೆ ಅಟ್ಟದ ಕಡೆ ನೋಡಿದ.

ಬಾಗಿಲಲ್ಲಿ ವಿಶಾಲಮ್ಮ ನಿಂತಿದ್ದಳು.

"ಜನ ಬಾಯಿಗೆ ಬಂದಂಗೆ ಆಡ್ತಾವ್ರೆ ಸ್ವಾಮಿ. ನಮ್ಮೆಜಮಾನ್ರು ದೆವ್ವಾನೇ ಆಗ್ಲಿ, ಎಣಿಸೋ ದೆವ್ವ ಆಗಲ್ಲ."

"ಯಾಕೆ?"

"ಅಟ್ಟದ ಮ್ಯಾಲಿನ ಕಾಯಿ ಎಣಿಸ್ತಾರಾ ಯಾರಾದ್ರೂ? ಏರಿಸುವಾಗ ಎಣಿಸ್ತೀವಿ, ಇಳಿಸುವಾಗ ಎಣಿಸ್ತೀವಿ. ಮಧ್ಯ ಮುಟ್ಟಾಂಗಿಲ್ಲ. ನೀರು ಇಂಗೋ ಕಾಲ. ಅಲ್ಲಾಡ್ಸಿದ್ರೆ ಕೆಡ್ತದೆ. ಬಸುರಿ ಹೊಟ್ಟೇನ ದಿನಾ ಅಮುಕಿ ನೋಡ್ತಾರಾ?"

ಸಿದ್ಧಾರ್ಥ ತಿರುಗಿ ಕಂಪ್ಯೂಟರ್ ನೋಡಿದ. ಹಾಗಾದರೆ ಆ ನಮೂದು?

* * *

ಸಂಜೆಗೆ ಮೂವರನ್ನು ಗೋದಾಮಿಗೆ ಕರೆಸಿದ. ಒಬ್ಬರು ದೇವೀರಪ್ಪ. ಇನ್ನಿಬ್ಬರು, ಅವರ ವ್ಯಾಪಾರವನ್ನು ಕಂಪ್ಯೂಟರಿಗೆ ಹಾಕಲು ಪೈಪೋಟಿಗೆ ಬಿದ್ದವರು. ಬೇಲೂರಿನ ಸುಂದರರಾಜ, ಹಳೇಬೀಡಿನ ಮೇಧಿನಿ. ಇಬ್ಬರ ಪ್ರೋಗ್ರಾಮೂ ಆ ಒಂದೇ ಯಂತ್ರದಲ್ಲಿ ಅಕ್ಕಪಕ್ಕ ನಡೆಯುತ್ತಿದ್ದವು. ಯಾವುದು ಒಗ್ಗುತ್ತದೆ ಎಂದು ತಮ್ಮಯ್ಯ ಹೇಳಬೇಕಿತ್ತು. ಅವನ ಮಾತೇ ಅಖೈರು ಎಂದು ದೇವೀರಪ್ಪ ಒಪ್ಪಿದ್ದರು. ಮೊನ್ನೆ ಮಧ್ಯಾಹ್ನ ಇಲ್ಲಿಗೆ ಬಂದು ಹೋದೆ, ಸಂಜೆ ಬೇಲೂರಿನ ದೇವಸ್ಥಾನದಲ್ಲಿದ್ದೆ ಎಂದು ಸುಂದರರಾಜ ಬಂದ ಕೂಡಲೇ ಹೇಳಿದ್ದ.

"ನನಗೆ ಕಂಪ್ಯೂಟರ್ ಬರಲ್ಲ," ಎಂದ ಸಿದ್ಧಾರ್ಥ. "ನಿಮ್ಮದು ಹೇಗೆ ಕಟ್ಟಿದ್ರಿ, ಹೇಳಿ."

ಸುಂದರರಾಜ ಗಂಟಲು ಸರಿಮಾಡಿಕೊಂಡ. "ಮನೆ ಕಟ್ಟಿದ ಹಾಗೆ ಸಾರ್. ಮೊದಲು ಯಜಮಾನರ ಹತ್ತಿರ ಕೂತು ಎಲ್ಲ ಕೇಳಿದೆ. ನಕ್ಷೆ ಬರೆದೆ. ಅವರು ರುಜು ಹಾಕಿದ್ರು. ಆಮೇಲೆ ಪಾಯದಿಂದ ಸೂರಿನ ತನಕ ಒಂದೇ ಸಲ ಎಬ್ಬಿಸಿದೆ. ಖರೀದಿ, ದಾಸ್ತಾನು, ತೆರಿಗೆ, ಒಂದಕ್ಕೊಂದು ಕೂಡ್ಕೊಂಡಿದೆ."

"ಚೆನ್ನಾಗಿದೆ ಸಾರ್," ಎಂದರು ದೇವೀರಪ್ಪ. "ಬಿಲ್ಲು ಮುತ್ತಿನ ಹಾಗೆ ಬರುತ್ತೆ. ಈಯಮ್ಮಂದು ತೆರಿಗೆ ಲೆಕ್ಕಾನೇ ಇನ್ನೂ ಮುಟ್ಟಿಲ್ಲ."

"ನಿಜ," ಎಂದಳು ಮೇಧಿನಿ. "ನಂದು ರವಿಕೆ ಹೊಲಿದ ಹಾಗೆ. ಒಂದು ಚೂರು ಮಾಡೋದು, ತಮ್ಮಯ್ಯನವರಿಗೆ ತೋರ್ಸೋದು. ಬಿಗಿಯಾದ ಕಡೆ ಅವರು ಬೈಯೋರು, ನಾನು ಬಿಚ್ಚಿ ಹೊಲಿಯೋಳು. ದಿನಗಟ್ಟಲೆ ಇಲ್ಲೇ ಕೂತಿರ್ತಿದ್ದೆ."

"ತೇಪೆ ಕೆಲಸ," ಎಂದ ಸುಂದರರಾಜ ಮೆಲ್ಲಗೆ.

"ಹಗಲಲ್ಲೇ ದೀಪದ ಹೊತ್ತು ಅಂತ ತೋರಿಸಿದ್ದು ನಿಮ್ಮದೇನಮ್ಮ?" ಸಿದ್ಧಾರ್ಥನ ದನಿ ಗಡುಸಾಯಿತು. "ಮೊನ್ನೆ ನೀವೆಲ್ಲಿದ್ರಿ?"

ಮೇಧಿನಿ ಬೆಚ್ಚಿದಳು. "ಹಳೇಬೀಡಲ್ಲಿ, ಟೈಪಿಂಗ್ ಕ್ಲಾಸಲ್ಲಿ ಪಾಠ ಮಾಡ್ತಿದ್ದೆ. ಮಕ್ಕಳನ್ನ ಕೇಳಿ. ಆ ಬರಹ ನಂದೇ ಸಾರ್. ದೀಪ ಹಚ್ಚಿದ ಮೇಲೆ ಲಕ್ಷ್ಮೀನ ಹೊರಗೆ ಕಳಿಸಬಾರದು, ಆ ಹೊತ್ತಿಗೆ ಲೆಕ್ಕ ತಾನಾಗೇ ಬಾಗಿಲು ಹಾಕ್ಕೊಳ್ಳೋ ಹಾಗೆ ಮಾಡು ಅಂದಿದ್ರು ತಮ್ಮಯ್ಯನವರು. ಒಂದು ಸಲ ಮುಚ್ಚಿದ್ರೆ ಬೆಳಿಗ್ಗೆವರೆಗೂ ತೆರೆಯಲ್ಲ. ಆದ್ರೆ ಹಗಲಲ್ಲಿ ಮುಚ್ಚಕ್ಕೆ ಸಾಧ್ಯಾನೇ ಇಲ್ಲ..."

"ಹೊತ್ತು ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಯಂತ್ರದ ಗಡಿಯಾರದಿಂದ." ಅವಳು ಯಂತ್ರದ ಕಡೆ ತಿರುಗಿದಳು. "ಯಾರೋ ಗಡಿಯಾರ ಮುಂದಕ್ಕೆ ತಿರುಗಿಸಿದ್ರೆ..."

"ಅಟ್ಟದ ಎಣಿಕೆಗೆ ನಿಮ್ಮದರಲ್ಲಿ ಜಾಗ ಎಲ್ಲಿದೆ?"

"ಇಲ್ಲ. ಮೊದಲು ಇಟ್ಟಿದ್ದೆ. 'ಹುಚ್ಚಿ, ಅದನ್ನ ಎಣಿಸ್ತಾರೇನವ್ವ' ಅಂತ ನಕ್ಕರು. ತೆಗೆದುಬಿಟ್ಟೆ."

ಸಿದ್ಧಾರ್ಥ ಸುಂದರರಾಜನ ಕಡೆ ತಿರುಗಿದ.

"ನಿಮ್ಮದರಲ್ಲಿ ಇದೆ."

"ಇದೆ. ಯಜಮಾನರೇ ಹೇಳಿದ್ದು. ತಿಂಗಳಿಗೊಂದು ಎಣಿಕೆ."

ದೇವೀರಪ್ಪ ತಲೆ ತಗ್ಗಿಸಿದರು. "ಆಫೀಸಲ್ಲಿ ಕೂತು ಇರ್ಲಿ ಅಂದಿದ್ದೆ ಸಾರ್, ಅಚ್ಚುಕಟ್ಟಾಗಿರುತ್ತೆ ಅಂತ. ಇಲ್ಲಿ ಯಾರೂ ಮಾಡಲ್ಲ. ನಿನ್ನೆ ಗಾಬರೀಲಿ ಅದು ನನಗೆ ಹೊಳೀಲೇ ಇಲ್ಲ."

ಅಟ್ಟದಲ್ಲಿ ಕಾಯೊಂದು ಲೊಡಕ್ಕೆಂದಿತು. ಸುಂದರರಾಜ ಮೇಲೆ ನೋಡಿದ. ನೋಡಿದವನು ಕಣ್ಣು ಕೀಳಲಿಲ್ಲ.

"ತಮ್ಮಯ್ಯ ಆ ನಮೂದು ಹಾಕಲಾರ," ಎಂದ ಸಿದ್ಧಾರ್ಥ. "ಜೀವಮಾನದಲ್ಲಿ ಅಟ್ಟ ಎಣಿಸಿದವನಲ್ಲ. ಲಕ್ಕಪ್ಪನಿಗೂ ಅದು ಗೊತ್ತು, ಮೇಧಿನಿಗೂ ಗೊತ್ತು. ಗೊತ್ತಿಲ್ಲದವರು ನೀವೊಬ್ಬರೇ. ನೀವು ಈ ಗೋದಾಮನ್ನ ಕಾಗದದಲ್ಲಿ ನೋಡಿದ್ರಿ. ಮೊನ್ನೆ ಮಧ್ಯಾಹ್ನ ಇಲ್ಲಿಗೆ ಬಂದಿದ್ದು ನೀವೇ ಒಪ್ಪಿದ್ದೀರಿ. ತಮ್ಮಯ್ಯ ಸತ್ತಿದ್ದು ಆಗಲೇ. ಗಡಿಯಾರ ಮುಂದೆ ತಿರುಗಿಸಿದ್ರಿ. ಅವನ ಹೆಸರಲ್ಲಿ ಎಣಿಕೆ ಬರೆದ್ರಿ. ಮತ್ತೆ ಹಿಂದಕ್ಕೆ ತಿರುಗಿಸಿ ಬೇಲೂರಿಗೆ ಹೋಗಿ, ಸಂಜೆ ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತ್ರಿ, ನಾಲ್ಕು ಜನ ನೋಡಲಿ ಅಂತ. ಪಕ್ಕದಲ್ಲಿ ತೆರೆದಿದ್ದ ಮೇಧಿನಿಯ ಪ್ರೋಗ್ರಾಮು ಸಂಜೆಯಾಯಿತು ಅಂತ ನಂಬಿ ಬಾಗಿಲು ಹಾಕ್ಕೊಂಡಿತು. ಅದನ್ನ ನೀವು ತಿರುಗಿಯೂ ನೋಡಲಿಲ್ಲ. ತೇಪೆ ಕೆಲಸ ಅಲ್ವಾ?"

ಸುಂದರರಾಜ ಚೀಲದ ರಾಶಿಯ ಮೇಲೆ ಕುಸಿದ.

"ನಂದು ಬೇಡ ಅಂತ ಯಜಮಾನರಿಗೆ ಹೇಳ್ತೀನಿ ಅಂದ ತಮ್ಮಯ್ಯ. 'ಬುದ್ಧೀ, ನಿಮ್ದು ಚೆಂದ ಐತೆ, ನಮ್ ಅಟ್ಟ ಅದ್ರೊಳಗಿಲ್ಲ' ಅಂದ. ಏಣಿ ಮೇಲೆ ನಿಂತೇ ಅಂದ. ಎರಡು ವರ್ಷ ನಿದ್ದೆ ಬಿಟ್ಟು ಕಟ್ಟಿದ್ದು ಸಾರ್. ಇಳಿದು ಮಾತಾಡು ಅಂತ ಏಣಿ ಹಿಡಿದು ಅಲ್ಲಾಡಿಸಿದೆ. ಅಷ್ಟೇ."

"ಬಿದ್ದಾಗ ಉಸಿರಿತ್ತಾ?"

ಸುಂದರರಾಜ ಕಂಪ್ಯೂಟರಿನ ಕಡೆ ನೋಡಿದ.

"ಇತ್ತು. ನಾನು ಟೈಪ್ ಮಾಡುವಾಗ ನರಳ್ತಾ ಇದ್ದ. ಈಗಲೂ ನರಳ್ತಾನೆ. ಬೇಲೂರಲ್ಲಿ ಗಂಟೆ ಬಾರಿಸುವಾಗಲೂ ಅದೇ ಕೇಳ್ತಿತ್ತು."

ಮೇಧಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ದೇವೀರಪ್ಪ ಗೋಡೆಯ ಕಡೆ ತಿರುಗಿ ದೇವರ ಹೆಸರು ಹಿಡಿದರು. ಸಿದ್ಧಾರ್ಥನಿಗೆ ಗೆದ್ದ ಭಾವ ಬರಲಿಲ್ಲ. ಸುಂದರರಾಜ ಕೂಗಿದ್ದರೆ ರಸ್ತೆಯಲ್ಲಿ ಜನರಿದ್ದರು. ಟೆಂಪೊಗಳಿದ್ದವು. ಒಂದು ಕೂಗಿಗೆ ಒಂದು ಜೀವ ಉಳಿಯುತ್ತಿತ್ತೇನೋ.

* * *

ಲಕ್ಕಪ್ಪನನ್ನು ಬಿಟ್ಟಾಗ ವಿಶಾಲಮ್ಮ ಠಾಣೆಯ ಮೆಟ್ಟಿಲ ಬಳಿ ಕಾದಿದ್ದಳು. ತಮ್ಮ ಹತ್ತಿರ ಬಂದ ಕೂಡಲೇ ಕೆನ್ನೆಗೆ ಬಾರಿಸಿದಳು.

"ಹೆದ್ರಿದೋನು ಅಕ್ಕನ್ ಮನೆಗೆ ಬರ್ದೆ ಹೆಂಡದಂಗಡಿಗೆ ಹೋಯ್ತೀಯೇನ್ಲಾ? ಬಂದು ಹೇಳಿದ್ರೆ ನಾವಿಬ್ರೂ ಹೋಗಿ ಹುಡುಕ್ತಿರ್ಲಿಲ್ವಾ ಅವರ್ನ?"

ಲಕ್ಕಪ್ಪ ಕೆನ್ನೆ ಹಿಡಿದುಕೊಂಡು ನಿಂತ. ಆ ಪೆಟ್ಟು ಸಾಲದು ಎಂಬಂತೆ ನಿಂತ.

"ಅಕ್ಕಾ, ತಿಥಿ ದಿನ ತವರ ಸೀರೆ ನಾನೇ ತರ್ಬೇಕಲ್ವಾ?"

"ಇನ್ಯಾರ್ ತರ್ತಾರೆ? ತವರು ಅಂದ್ರೆ ನೀನೊಬ್ನೇ."

"ಯಾವ ಬಣ್ಣದ್ದು ತರ್ಲಿ?"

ವಿಶಾಲಮ್ಮನಿಗೆ ಮೂರು ದಿನದಿಂದ ಹೊರಬರದಿದ್ದ ಅಳು ಅಲ್ಲಿ, ಆ ಮೆಟ್ಟಿಲ ಮೇಲೆ, ಕಟ್ಟೆಯೊಡೆದು ಬಂತು. ತಮ್ಮನ ತೋಳು ಹಿಡಿದುಕೊಂಡು ಹಾಗೇ ಕೂತಳು.

"ಕುಡೀದೆ ಬಾ ಕಣೋ. ಬಣ್ಣ ಯಾವುದಾದ್ರೂ ಆಗ್ಲಿ."