ಗಾಜಿನ ಪೆಟ್ಟಿಗೆಯ ಹಸಿರು ಹೆಣಿಗೆ

೧೯೯೧ರ ನವೆಂಬರ್ ೧೮, ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಗ್ರಂಥಪಾಲಕಿ ಕೈಚೀಲವನ್ನು ಮೇಜಿನ ಮೇಲೆ ಇಡುವಷ್ಟರಲ್ಲಿ ಓದುವ ಕೋಣೆಯಿಂದ ಅಟೆಂಡರ್ ಅಕ್ಕನ ದನಿ ಕೇಳಿಸಿತು.

"ಮೇಡಂ, ಹಸಿರು ತುಂಡು ಇಲ್ಲ."

ಕಿಟಕಿಯ ಪಕ್ಕದಲ್ಲಿ ಒಂದು ಗಾಜಿನ ಪೆಟ್ಟಿಗೆ ಇತ್ತು. ಓದುಗರು ಹಳೆಯ ಪುಸ್ತಕಗಳೊಳಗೆ ಮರೆತು ಬಿಟ್ಟ ವಸ್ತುಗಳೆಲ್ಲ ಅದರಲ್ಲಿ ಸೇರುತ್ತಿದ್ದವು: ಬಸ್ ಟಿಕೆಟು, ಒಣಗಿದ ಎಲೆ, ಕಾಗದದಲ್ಲಿ ಸುತ್ತಿದ ಹಾಲುಹಲ್ಲು, ಒಂಟಿ ಚಿನ್ನದ ಓಲೆ. ಹತ್ತು ದಿನದ ಹಿಂದೆ ಧೂಳು ಹೊಡೆಯುವಾಗ ಸಿಕ್ಕಿದ್ದು ಅಂಗೈಯಗಲದ ಹಸಿರು ಉಣ್ಣೆಯ ಹೆಣಿಗೆ; ನಡುವೆ ಎಲೆಯ ಚಿತ್ತಾರ. ಈಗ ಆ ಜಾಗ ಖಾಲಿ. ಪಕ್ಕದ ಓಲೆ ಮಾತ್ರ ಹಾಗೆಯೇ ಹೊಳೆಯುತ್ತಿತ್ತು.

ವಸ್ತು ತಮ್ಮದೆಂದು ಬರುವವರಿಗೆ ಒಂದು ನಿಯಮವಿತ್ತು. ಅದು ಯಾವ ಪುಸ್ತಕದಲ್ಲಿತ್ತು ಎಂದು ಸಮಿತಿಯ ಮುಂದೆ ಹೇಳಬೇಕು. ಉತ್ತರ ಗ್ರಂಥಪಾಲಕಿಗೆ ಮಾತ್ರ ಗೊತ್ತು. ಹಿಂದೊಮ್ಮೆ ಆ ಒಂಟಿ ಓಲೆಯನ್ನು ಹುಡುಕಿಕೊಂಡು ಮೂರು ಕಿವಿಗಳು ಬಂದ ಮೇಲೆ ಮಾಡಿದ ನಿಯಮ ಅದು.

ಸಮಿತಿಯ ಅಧ್ಯಕ್ಷರಾದ ವಕೀಲರು ಹತ್ತು ಗಂಟೆಗೆ ಬಂದರು. ಪೆಟ್ಟಿಗೆಯ ಬೀಗ ಎಳೆದು ನೋಡಿ ಅಕ್ಕನತ್ತ ತಿರುಗಿದರು.

"ಬೀಗ ಒಡೆದಿಲ್ಲ. ಕೀ ನಿನ್ನ ಕೊರಳಲ್ಲೇ ಇದೆ. ಇನ್ನೇನು ಹೇಳೋದಿದೆಯಮ್ಮಾ?"

"ಚಿನ್ನ ಬಿಟ್ಟು ಉಣ್ಣೆ ಕದಿಯೋಕೆ ನನಗೇನು ತಲೆ ಕೆಟ್ಟಿದೆಯಾ ಸಾರ್?"

"ಇವತ್ತು ಉಣ್ಣೆ, ನಾಳೆ ಚಿನ್ನ. ಸಂಜೆ ಐದರೊಳಗೆ ಸಿಗದಿದ್ರೆ ನಾಳೆಯಿಂದ ಬರೋದು ಬೇಡ."

ವಕೀಲರು ಹೋದ ಮೇಲೆ ಅಕ್ಕ ಪೊರಕೆ ಹಿಡಿದು ನಿಂತಲ್ಲೇ ನಿಂತಳು. "ಕೆಲಸ ಹೋದ್ರೆ ಹೋಗ್ಲಿ ಮೇಡಂ. ಕಳ್ಳಿ ಅನ್ನೋ ಹೆಸರು ಹೊತ್ಕೊಂಡು ಯಾವ ಬಾಗಿಲು ತಟ್ಟಲಿ?"

ಗ್ರಂಥಪಾಲಕಿ ಹಿತ್ತಲ ಬಾಗಿಲಿಂದ ಮನೆಗೆ ಹೋಗಿ ಅತ್ತೆಯನ್ನು ಕರೆತಂದಳು.

ಅತ್ತೆ ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಓದುಗರು ಅವರಿಗೆ ಬೆನ್ನ ಹಿಂದೆ ಇಟ್ಟ ಹೆಸರು ಭೂತಗನ್ನಡಿ. ಪತ್ರಿಕೆಯ ಪದಬಂಧವನ್ನು ದಿನವೂ ಕತ್ತರಿಸಿ ಒಯ್ಯುತ್ತಿದ್ದವನನ್ನು ಅವನ ಉಗುರಿಗೆ ಮೆತ್ತಿದ ಮಸಿಯಿಂದಲೇ ಹಿಡಿದವರು. ಅತ್ತೆ ಹೇಳುವುದು, ಸೊಸೆ ಓಡಾಡುವುದು: ಈ ಜೋಡೆತ್ತು ಐದು ವರ್ಷದಿಂದ ಹೀಗೆಯೇ ನಡೆದಿತ್ತು.

ಅತ್ತೆ ಪೆಟ್ಟಿಗೆಯ ಮೇಲೆ ಬಾಗಿದರು. ಮುಚ್ಚಳದಲ್ಲಿ ಒಂದರ ಮೇಲೊಂದು ಸರಿಯುವ ಎರಡು ಗಾಜುಗಳು. ನಡುವೆ ಕಿರಿದಾದ ಸಂದು. ಮಸೂರ ಹಿಡಿದು ಸಂದಿನುದ್ದಕ್ಕೂ ನೋಡಿ, ಒಂದು ಕಡೆ ನಿಂತರು.

"ಬಾ ಇಲ್ಲಿ. ಗಾಜಿನ ಅಂಚಲ್ಲಿ ಏನಿದೆ?"

"ಹಸಿರು ಎಳೆ."

"ಒಳಗಿನ ಧೂಳಲ್ಲಿ?"

"ಗೀರು, ಅತ್ತೆ. ಖಾಲಿ ಜಾಗದಿಂದ ನೇರ ಸಂದಿನ ಕೆಳಗೆ ಬಂದಿದೆ."

ಅತ್ತೆ ಪೆನ್ಸಿಲನ್ನು ಸಂದಿಗೆ ತೂರಿಸಲು ನೋಡಿದರು; ಹೋಗಲಿಲ್ಲ. ಸೊಸೆಯ ತಲೆಯ ಪಿನ್ನು ಕಿತ್ತುಕೊಂಡರು; ಅದು ಸಲೀಸಾಗಿ ಇಳಿಯಿತು.

"ನನ್ನ ತಲೆಯೇ ಬೇಕಿತ್ತಾ?"

"ನನ್ನ ತಲೇಲಿ ಪಿನ್ನು ನಿಲ್ಲುವಷ್ಟು ಕೂದಲೆಲ್ಲಿದೆ? ಶನಿವಾರ ಮಧ್ಯಾಹ್ನದ ಮೇಲೆ ಇಲ್ಲಿ ಯಾರಿದ್ರು?"

ಶನಿವಾರ ಮೂರು ಗಂಟೆಗೆ ಹೆಣಿಗೆ ಪೆಟ್ಟಿಗೆಯಲ್ಲಿದ್ದುದನ್ನು ಗ್ರಂಥಪಾಲಕಿಯೇ ನೋಡಿದ್ದಳು. ಆಮೇಲೆ ಅವಳು ಕಚೇರಿಯೊಳಗಿದ್ದಳು, ಅಕ್ಕ ಹಿಂದಿನ ಕಿಟಕಿಗಳನ್ನು ಮುಚ್ಚುತ್ತಿದ್ದಳು. ಓದುವ ಕೋಣೆಯಲ್ಲಿ ಉಳಿದಿದ್ದವರು ಇಬ್ಬರೇ: ಹರಿದ ಪುಸ್ತಕ ಹೊಲಿಯುವ ಬೈಂಡರ್ ಮತ್ತು ದಿನವೂ ಬರುವ ನಿವೃತ್ತ ಪೋಸ್ಟ್‌ಮಾಸ್ಟರ್. ಭಾನುವಾರ ರಜೆ.

ಬೈಂಡರ್ ಮೂಲೆಯಲ್ಲಿ ಅಂಟು ಕಲಸುತ್ತ ಕೂತಿದ್ದ. ಕೇಳುವ ಮೊದಲೇ ತನ್ನ ಕೊಕ್ಕೆಯ ದಬ್ಬಳ ಮುಂದೆ ಚಾಚಿದ. "ನೋಡಮ್ಮಾ. ಇದರಲ್ಲಿ ಆನೆ ಹೊಲೀಬಹುದು. ಆ ಸಂದಿಗೆ ಇಳಿಸಿದ್ರೆ ಗಾಜು ಪುಡಿಪುಡಿ."

ಅತ್ತೆ ಇಳಿಸಿ ನೋಡಿದರು. ಅವನ ಮಾತು ನಿಜವಾಗಿತ್ತು.

ಪೋಸ್ಟ್‌ಮಾಸ್ಟರ್ ತಮ್ಮ ಮಾಮೂಲಿ ಕುರ್ಚಿಯಲ್ಲಿದ್ದರು. ಬಿಸಿಲು ನೇರ ಅವರ ಮೇಲೆ ಬೀಳುತ್ತಿದ್ದರೂ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರ ಮಾತು ಕಡಿಮೆಯಾಗಿತ್ತು.

"ಬೆರಳಿಗೆ ಏನಾಯ್ತು?" ಅತ್ತೆ ಕೇಳಿದರು. ಎಡಗೈ ತೋರುಬೆರಳ ತುದಿಯಲ್ಲಿ ಪ್ಲಾಸ್ಟರ್ ಇತ್ತು.

"ತರಕಾರಿ ಹೆಚ್ಚುವಾಗ... ಒಬ್ಬನೇ ಅಡುಗೆ ನೋಡಿ."

"ಹುಷಾರು," ಎಂದು ಅತ್ತೆ ಮುಂದೆ ಹೋದರು.

ಅಷ್ಟರಲ್ಲಿ ಗ್ರಂಥಪಾಲಕಿ ಕಪಾಟುಗಳ ನಡುವಿನಿಂದ ಗೊಣಗುತ್ತ ಬಂದಳು. "ಯಾರೋ ಸಾಲುಗಳನ್ನೆಲ್ಲ ಕಲಸುಮೇಲೋಗರ ಮಾಡಿದ್ದಾರೆ ಅತ್ತೆ. ಗುರುವಾರ ತಾನೇ ಜೋಡಿಸಿದ್ದೆ. ಅಡುಗೆ, ಕಸೂತಿ, ಕಾದಂಬರಿ, ಎಲ್ಲ ತಲೆಕೆಳಗು."

"ವಿಜ್ಞಾನದ ಸಾಲು?"

"ಅದನ್ನ ಮುಟ್ಟಿಲ್ಲ."

ಅತ್ತೆ ಮಸೂರವನ್ನು ಮಡಿಸಿದರು. "ಪಾಪ," ಎಂದರು.

ಸಂಜೆ ಐದಕ್ಕೆ ಎಲ್ಲರೂ ದೊಡ್ಡ ಮೇಜಿನ ಸುತ್ತ ಕೂತರು. ಅಕ್ಕ ಮಾತ್ರ ಕೂರಲೊಲ್ಲದೆ ಗೋಡೆಗೆ ಒರಗಿ ನಿಂತಳು. ವಕೀಲರು ಗಡಿಯಾರ ನೋಡಿದರು.

"ಕೀ ಇದ್ದವರು ಬೀಗ ತೆಗೆದು ತಗೋತಾರೆ," ಎಂದು ಅತ್ತೆ ತರಗತಿಯ ದನಿಯಲ್ಲಿ ಶುರುಮಾಡಿದರು. "ಇದು ಗಾಜಿನ ಸಂದಿಯಿಂದ ಹೊರಬಂದಿದೆ. ಅಂಚಿಗೆ ಎಳೆ ಸಿಕ್ಕಿದೆ, ಧೂಳಲ್ಲಿ ಎಳೆದ ಗುರುತಿದೆ. ಹಾಗೆ ನುಸುಳಿ ಬರೋ ಮೆತ್ತನೆ ವಸ್ತು ಆ ಪೆಟ್ಟಿಗೇಲಿ ಅದೊಂದೇ. ಅಕ್ಕನ ಹತ್ತಿರ ಕೀ ಇತ್ತು ಅನ್ನೋದೇ ಅಕ್ಕ ಕದ್ದಿಲ್ಲ ಅನ್ನೋಕೆ ಸಾಕ್ಷಿ, ವಕೀಲರೇ."

ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು.

"ಎಳೆಯೋಕೆ ತೆಳ್ಳನೆ ಕೊಕ್ಕೆ ಬೇಕು. ಬೈಂಡರನ ದಬ್ಬಳ ದಪ್ಪ. ಲೇಸು ಹೆಣೆಯೋ ಕ್ರೋಶಾ ಕಡ್ಡಿ ಸರಿಹೋಗತ್ತೆ. ಅದು ಹೆಣಿಗೆ ಇರೋ ಮನೇಲಿ ಇರತ್ತೆ. ಹೊಸದಾಗಿ ಹೆಣಿಗೆ ಕಲಿಯೋರು ಕಡ್ಡಿಯ ಮೊನೆಯನ್ನ ಎಡಗೈ ಬೆರಳ ತುದಿಯಿಂದ ಹಿಂದಕ್ಕೆ ತಳ್ತಾರೆ; ಅಲ್ಲೇ ಗಾಯ ಆಗತ್ತೆ. ತರಕಾರಿ ಹೆಚ್ಚುವಾಗ ಕೊಯ್ಯೋದು ಬೆರಳ ಪಕ್ಕ. ಇನ್ನು ಸಾಲು ಕಲಸಿದ ವಿಚಾರ. ಹೆಣಿಗೆ ಒತ್ತಿದ ಅಚ್ಚು ಹಾಳೇಲಿ ಉಳಿಯತ್ತೆ ಅಂತ ಊಹಿಸಿ ಯಾರೋ ಆ ಪುಸ್ತಕ ಹುಡುಕಿದ್ದಾರೆ. ಕಳ್ಳರು ಹಾಗೆ ಹುಡುಕಲ್ಲ. ನಿಯಮದ ಪ್ರಕಾರ ಕೇಳಿ ಪಡೆಯಬೇಕು ಅಂದುಕೊಂಡೋರು ಹುಡುಕ್ತಾರೆ. ಹುಡುಕಿದ್ದು ಒಬ್ಬ ಹೆಂಗಸು ಓದಬಹುದು ಅಂತ ಒಬ್ಬ ಗಂಡಸಿಗೆ ತೋಚೋ ಸಾಲುಗಳಲ್ಲಿ. ಸಿಗಲಿಲ್ಲ." ಅತ್ತೆಯ ದನಿ ಇಳಿಯಿತು. "ಅಕ್ಕ ನಿರಪರಾಧಿ ಅನ್ನೋದಕ್ಕೆ ಇಷ್ಟು ಸಾಕು. ಮುಂದಿನದನ್ನ ನಾನು ಹೇಳಲೇಬೇಕು ಅಂತೇನಿಲ್ಲ."

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಪೋಸ್ಟ್‌ಮಾಸ್ಟರ್ ಎದ್ದು ನಿಂತು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಒಳಗೆ ಅದೇ ಹಸಿರಿನ ಸ್ವೆಟರು. ತೋಳುಗಳಿರಲಿಲ್ಲ, ಭುಜದಲ್ಲಿ ಕುಣಿಕೆಗಳು ಬಿಚ್ಚದಂತೆ ಬಿಳಿ ದಾರ ಪೋಣಿಸಿತ್ತು. ಎದೆಯ ಜೇಬಿನಿಂದ ಹೆಣಿಗೆಯ ತುಂಡನ್ನು ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಹೆಂಡತಿ ನನಗೆ ಅಂತ ಹಾಕ್ತಿದ್ಲು. ತೋಳಿಗೆ ಎಲೆ ಬರಬೇಕು ಅಂದಿದ್ಲು. ಎಲೆ ಹೆಣೆಯೋದು ಹೇಗೆ ಅಂತ ಈ ಮಾದರೀಲಿ ಮಾತ್ರ ಇತ್ತು. ಮನೆಯೆಲ್ಲ ಹುಡುಕಿದ್ದೆ. ಕೊನೆಗೆ ಇಲ್ಲಿ ಗಾಜಿನೊಳಗೆ ಕಾಣಿಸ್ತು."

"ಕೇಳಿದ್ರೆ ಕೊಡ್ತಿದ್ವಲ್ಲ ಸ್ವಾಮಿ," ವಕೀಲರು ಮೆಲ್ಲಗೆ ಹೇಳಿದರು.

"ಯಾವ ಪುಸ್ತಕ ಅಂತ ಕೇಳ್ತೀರಿ. ಈ ಊರಿನ ಅಷ್ಟೂ ಮನೆ ನಂಬರು ನನಗೆ ಬಾಯಿಪಾಠ. ಮೂವತ್ತೆಂಟು ವರ್ಷ ಒಂದೇ ದೀಪದ ಕೆಳಗೆ ಕೂತ್ವಿ, ನಾನು ಪೇಪರು, ಅವಳು ಪುಸ್ತಕ. ಏನು ಓದ್ತಿದ್ದೀಯ ಅಂತ ಒಂದು ದಿನ ಕೇಳಲಿಲ್ಲ. ಅದನ್ನ ನಾಲ್ಕು ಜನರ ಮುಂದೆ ಹೇಗೆ ಹೇಳಲಿ?"

ಅಕ್ಕ ಗೋಡೆ ಬಿಟ್ಟು ಮುಂದೆ ಬಂದಳು. "ನಾನು ಬೈಸಿಕೊಳ್ತಿದ್ದಾಗ ನೀವು ಆ ಪೇಪರ್ ಹಿಂದೇನೇ ಕೂತಿದ್ರಿ ಸಾರ್."

"ಕೂತಿದ್ದೆ. ಏಳಬೇಕು, ಏಳಬೇಕು ಅಂತ ಇಡೀ ದಿನ ಕೂತಿದ್ದೆ. ಕದ್ದಿದ್ದಕ್ಕಿಂತ ಅದು ದೊಡ್ಡ ತಪ್ಪು. ನಿನ್ನ ಕ್ಷಮೆ ಕೇಳೋಕೂ ನನಗೆ ಮುಖ ಇಲ್ಲಮ್ಮಾ."

ವಕೀಲರು ಅಕ್ಕನತ್ತ ತಿರುಗಿ, "ನಾನೂ ದುಡುಕಿದೆ. ನಾಳೆ ಎಂದಿನ ಹಾಗೆ ಬಾ," ಎಂದರು.

"ಬರ್ತೀನಿ. ಇವತ್ತು ಯಾರ ಮುಂದೆಲ್ಲ ಅಂದಿರೋ, ಅವರ ಮುಂದೆಲ್ಲ ಇದನ್ನೂ ಹೇಳಿ ಸಾರ್."

"ಹೇಳ್ತೀನಿ."

ಗ್ರಂಥಪಾಲಕಿ ಎದ್ದು ವಿಜ್ಞಾನದ ಸಾಲಿಗೆ ಹೋದಳು. ದಪ್ಪ ರಟ್ಟಿನ ಒಂದು ಪುಸ್ತಕ ತಂದು ಪೋಸ್ಟ್‌ಮಾಸ್ಟರರ ಮುಂದೆ ತೆರೆದಿಟ್ಟಳು. ಎರಡು ಹಾಳೆಗಳ ಮೇಲೂ ಕುಣಿಕೆಗಳ ಸಾಲು ಸಣ್ಣಗೆ ಅಚ್ಚೊತ್ತಿತ್ತು, ನಡುವೆ ಎಲೆ.

ಅವರು ಅಚ್ಚಿನ ಮೇಲೆ ಬೆರಳಾಡಿಸಿ, ಆಮೇಲೆ ಶೀರ್ಷಿಕೆ ನೋಡಿದರು. "ಜ್ವಾಲಾಮುಖಿಗಳಾ? ಸ್ಟವ್ ಹಚ್ಚೋಕೆ ನನ್ನನ್ನ ಕರೀತಿದ್ಲು."

"ಈ ಪುಸ್ತಕ ಬೇರೆಯವರೂ ಒಯ್ದಿದ್ದಾರೆ, ನಿಮ್ಮ ಮನೆಯವರು ಆರು ಸಲ," ಎಂದಳು ಗ್ರಂಥಪಾಲಕಿ. "ಸಮುದ್ರದ ತಳದಲ್ಲೂ ಬೆಂಕಿ ಇರತ್ತಂತೆ ನೋಡಿ ಅಂತ ಒಂದು ಸಲ ನನಗೇ ವಿವರಿಸಿದ್ರು."

ಪೋಸ್ಟ್‌ಮಾಸ್ಟರ್ ನಕ್ಕರು. ನಗುತ್ತಲೇ ಕನ್ನಡಕ ತೆಗೆದರು. ಸ್ವಲ್ಪ ಹೊತ್ತು ಯಾರೂ ಅವರತ್ತ ನೋಡಲಿಲ್ಲ. ಬೈಂಡರ್ ಬೇಕೆಂದೇ ಅಂಟಿನ ಡಬ್ಬಿಯ ಮುಚ್ಚಳ ಹುಡುಕಿದ.

ಅಕ್ಕ ಅವರ ಕೈಹಿಡಿದು ಪ್ಲಾಸ್ಟರನ್ನು ನೋಡಿದಳು. "ದಾರ ಬಿಗಿಯಾಗಿ ಎಳೀತೀರಿ, ಅದಕ್ಕೇ ಚುಚ್ಚತ್ತೆ. ಸಿಟ್ಟು ಇನ್ನೂ ಹೋಗಿಲ್ಲ ನನಗೆ. ಆದ್ರೂ ನಾಳೆ ಕಡ್ಡಿ ತನ್ನಿ. ಕಸ ಹೊಡೆದಾದ ಮೇಲೆ ತೋರಿಸಿಕೊಡ್ತೀನಿ."

ಫೆಬ್ರವರಿಯ ಒಂದು ಬೆಳಗ್ಗೆ ಪೋಸ್ಟ್‌ಮಾಸ್ಟರ್ ಕೋಟಿಲ್ಲದೆ, ತೋಳು ಹೆಣೆದು ಮುಗಿಸಿದ ಹಸಿರು ಸ್ವೆಟರಿನಲ್ಲಿ ಬಂದರು. ಜ್ವಾಲಾಮುಖಿಯ ಪುಸ್ತಕವನ್ನು ಓದಿ ಮುಗಿಸಿ ಹಿಂತಿರುಗಿಸಿ, ಅದೇ ಸಾಲಿನಿಂದ ಭೂಕಂಪಗಳ ಪುಸ್ತಕ ಆರಿಸಿಕೊಂಡರು. ನಂತರ ಅತ್ತೆಯ ಮುಂದೆ ಎರಡೂ ಕೈ ಚಾಚಿ ನಿಂತರು.

"ನಿಜ ಹೇಳಿ. ನೀವು ಸುಳ್ಳು ಹೇಳೋರಲ್ಲ ಅಂತ ನಿಮ್ಮ ಹತ್ತಿರ ಬಂದೆ."

ಅತ್ತೆ ಟೇಪು ತರಿಸಿದರು. ಭುಜದಿಂದ ಮಣಿಕಟ್ಟಿನವರೆಗೆ ಎರಡೆರಡು ಸಲ ಅಳೆದರು. ಎಲೆಗಳೆಲ್ಲ ಸರಿಯಾಗಿ ಬಂದಿದ್ದವು. ಎಡತೋಳು ಬಲತೋಳಿಗಿಂತ ಎರಡೂವರೆ ಸೆಂಟಿಮೀಟರ್ ಉದ್ದವಾಗಿತ್ತು; ಅತ್ತೆ ಅದನ್ನು ಹಾಗೆಯೇ ಹೇಳಿದರು.