ಒಗೆದು ಹರವಿದ ಹನ್ನೊಂದು ಮಾಸ್ಕ್

2025ರ ಮಾರ್ಚ್ 10, ಸೋಮವಾರ, ಬೆಳಿಗ್ಗೆ 9.20. ನುಗ್ಗೇಹಳ್ಳಿ ಬಳಿಯ ತೆಂಗಿನ ನಾರುಪುಡಿ ಕಾರ್ಖಾನೆಯ ಮ್ಯಾನೇಜರ್ ಮೋಹನ್‌ಕುಮಾರ್ ಠಾಣೆಗೆ ಬಂದು ದೂರು ಕೊಟ್ಟ. ಕಚೇರಿಯ ಬೀರುವಿನಲ್ಲಿದ್ದ, ದೂಳು ತಡೆಯುವ ಹನ್ನೊಂದು ಮಾಸ್ಕ್ ಕಳುವಾಗಿದ್ದವು.

ಸಬ್ ಇನ್‌ಸ್ಪೆಕ್ಟರ್ ಮುರಳೀಕೃಷ್ಣ ಬರೆಯುವುದನ್ನು ನಿಲ್ಲಿಸಿದ.

“ಮಾಸ್ಕಾ?”

“ಅಂತಿಂಥವಲ್ಲ ಸರ್. ನಮ್ಮ ಪುಡಿ ಹಾಲೆಂಡಿಗೆ ಹೋಗುತ್ತೆ. ಅಲ್ಲಿನ ಕಂಪನಿಯವರೇ ಕಳಿಸಿದ್ದು. ಗುರುವಾರ ಫಾರಿನ್ನಿನಿಂದ ಆಡಿಟ್‌ಗೆ ಬರ್ತಾರೆ. ಮಾಸ್ಕ್ ಇಲ್ಲ ಅಂದ್ರೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲ ಅಂದ್ರೆ ಲೋಡ್ ಎತ್ತಲ್ಲ.”

“ಕೊನೇ ಸಲ ನೋಡಿದ್ದು?”

“ಹೋದ ವರ್ಷದ ಆಡಿಟ್ ದಿನ. ಆಮೇಲೆ ಇವತ್ತಿನವರೆಗೂ ಬೀರು ತೆಗೆದೇ ಇಲ್ಲ.”

“ಅದನ್ನೇ ಬರೆದು ಸಹಿ ಹಾಕಿ.”

ಹಾಕಿದ. 10.05ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 306, ಕೆಲಸದಾಳು ಮಾಡಿದ ಕಳವು.

11.30ಕ್ಕೆ ಸ್ಥಳ ಪಂಚನಾಮೆ. ಕಾರ್ಖಾನೆಯ ಗೇಟಿನ ಪಕ್ಕದ ಗೋಡೆಯಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಫಲಕವಿತ್ತು. ಹದಿನೇಳು ಬಣ್ಣದ ಚೌಕ. ಕೆಳಗೆ, ‘ಭೂಮಿಯನ್ನೂ ದುಡಿಯುವವರನ್ನೂ ಕಾಯುತ್ತೇವೆ’. ಫಲಕಕ್ಕೆ ದೂಳು ಕೂರದಂತೆ ಗಾಜು ಹಾಕಿಸಿದ್ದರು. ಅದರ ಹಿಂದಿನ ಶೆಡ್ಡಿನಲ್ಲಿ ಜರಡಿ ಮಿಷನ್ ಓಡುತ್ತಿತ್ತು. ಬಾಯಿಗೆ ಸೆರಗು ಕಟ್ಟಿಕೊಂಡ ಒಂಬತ್ತು ಹೆಂಗಸರು ಪುಡಿ ತುಂಬುತ್ತಿದ್ದರು. ರೆಪ್ಪೆಯ ಮೇಲೂ ಕಂದು ದೂಳು.

“ಹನ್ನೊಂದು ಮಾಸ್ಕು, ಒಂಬತ್ತು ಜನ?”

“ಬಸವಲಿಂಗಮ್ಮ ಮೈ ಹುಷಾರಿಲ್ಲ ಅಂತ ಹೇಳಿಕಳಿಸಿದ್ದಾಳೆ. ಅವಳ ತಂಗಿ ಪಾರ್ವತಮ್ಮ ಹೋದ ತಿಂಗಳು ತೀರಿಕೊಂಡಳು ಸರ್. ದಮ್ಮು.”

ಬೀರುವಿನ ಬೀಗ ಒಡೆದಿರಲಿಲ್ಲ. ಬೀಗದಕೈ ದೇವರ ಫೋಟೊದ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು.

“ಈ ಕೋಣೆ ಕಸ ಗುಡಿಸೋದು ಯಾರು?”

“ಬಸವಲಿಂಗಮ್ಮನೇ.”

ಹುಡುಕುವ ಕೆಲಸವೇ ಬೀಳಲಿಲ್ಲ. 12.40ಕ್ಕೆ ಹೆಡ್ ಕಾನ್‌ಸ್ಟೇಬಲ್ ಕೆಂಚಯ್ಯ ಜೀಪು ನಿಲ್ಲಿಸಿದ. ಬಸವಲಿಂಗಮ್ಮನ ಮನೆಯ ಮುಂದೆ, ರಸ್ತೆಗೆ ಕಾಣುವ ಹಗ್ಗದ ಮೇಲೆ, ಎರಡು ಸೀರೆಗಳ ನಡುವೆ ಹನ್ನೊಂದು ಮಾಸ್ಕ್ ಒಣಗುತ್ತಿದ್ದವು. ಒಂದೊಂದರಲ್ಲೂ ಹಾಲೆಂಡ್ ಕಂಪನಿಯ ಹಸಿರು ಮುದ್ರೆ.

“ಕದ್ದ ಮಾಲ್ನ ರಸ್ತೆ ಕಡೀಕೆ ಒಣಾಕಿದ್ದೀಯಲ್ಲವ್ವ!” ಎಂದ ಕೆಂಚಯ್ಯ. “ಎಲ್ರೂ ಇಂಗೇ ಮಾಡುದ್ರೆ ನಮ್ ಇಲಾಖೇಲಿ ನಾಯಿ ಸಾಕೋ ಖರ್ಚಾದ್ರೂ ಉಳೀತದೆ.”

“ಆಕ್ಕಂಡ್ಮೇಲೆ ಒಗ್ದು ಇಡ್ಬೇಕು ಕಣಪ್ಪ,” ಎಂದಳು ಐವತ್ತರ ಬಸವಲಿಂಗಮ್ಮ. “ವರ್ಸೊರ್ಸವೂ ಆಡಿಟ್ನೋರು ಕಾರು ಅತ್ತಿದ್ ತಕ್ಷಣ ನಾವೇ ಒಗ್ದು ಬೀರುಗಿಡ್ತಿದ್ವಿ. ನಾಳೀಕೆ ಇಡವ ಅಂತಿದ್ದೆ.”

“ಯಾರು ಹಾಕ್ಕೊಂಡಿದ್ದು?” ಮುರಳೀಕೃಷ್ಣ ಕೇಳಿದ.

“ಸನಿವಾರ ಮ್ಯಾನೇಜ್ರು ಆಸನುಕ್ಕೋಗಿದ್ರು. ಅವತ್ತೊಂದಿನ ಎಲ್ರೂ ಆಕ್ಕಂಡ್ವಿ ಸಾ. ಸಂಜೀಕೆ ಉಗುದ್ರೆ ಉಗುಳು ಬೆಳ್ಳಗೆ ಬಂತು.”

“ಹತ್ತು ಜನ ತಾನೇ ಇದ್ದದ್ದು?”

“ಅನ್ನೊಂದ್ನೇದು ಪಾರ್ವತಿದು. ಅದ್ನೂ ಒಗ್ದೆ.”

ಜಪ್ತಿ ಪಂಚನಾಮೆ ಮುಗಿಸಿ ಬಸವಲಿಂಗಮ್ಮನನ್ನು ಠಾಣೆಗೆ ಕರೆತಂದರು. ಮಾಲು ಗುರುತಿಸಲು ಮೋಹನ್‌ಕುಮಾರ್‌ನನ್ನು 2.30ಕ್ಕೆ ಠಾಣೆಗೆ ಕರೆಸಿದರು. ಮಾಸ್ಕ್ ವಿತರಣೆಯ ಪುಸ್ತಕವನ್ನೂ ತರಲು ಹೇಳಿದ್ದರು. ದಿನಕ್ಕೊಂದು ಹಾಳೆ, ಹನ್ನೊಂದು ಹೆಸರು, ಹನ್ನೊಂದು ಹೆಬ್ಬೆಟ್ಟು.

“ಇಲ್ಲಿ ದಿನಾ ಕೊಟ್ಟಿದ್ದೀರಿ. ದೂರಿನಲ್ಲಿ ವರ್ಷದಿಂದ ಬೀರು ತೆಗೆದಿಲ್ಲ. ಯಾವುದು ನಿಜ?”

ಮೋಹನ್‌ಕುಮಾರ್ ಕರವಸ್ತ್ರ ತೆಗೆದ. “ಆಡಿಟ್‌ನವರು ಪುಸ್ತಕ ಕೇಳ್ತಾರೆ ಸರ್. ಒಂದನೇ ತಾರೀಕೇ ಆ ತಿಂಗಳಿಗೆಲ್ಲ ಮುಂಚೆಯೇ ಒಟ್ಟಿಗೆ ಹೆಬ್ಬೆಟ್ಟು ಒತ್ತಿಸಿಬಿಡ್ತೀವಿ. ದೂರು ವಾಪಸ್ ಕೊಟ್ಬಿಡಿ. ನಾನೇ ಅವಳಿಗೆ ಕೊಟ್ಟಿದ್ದೆ, ಮರೆತಿದ್ದೆ ಅಂತ ಬರೀರಿ.”

“ಎಫ್‌ಐಆರ್ ಆಗಿದೆ. ವಾಪಸ್ ಕೊಡೋಕೆ ಬರಲ್ಲ.” ಮುರಳೀಕೃಷ್ಣ ಬಸವಲಿಂಗಮ್ಮನ ಕಡೆ ತಿರುಗಿದ. “ನೋಡಮ್ಮ, ಅವರೇ ಕೊಟ್ಟರು ಅಂತ ನೀನು ಹೇಳಿದರೆ ಕಳ್ಳತನವೇ ಇಲ್ಲ, ಮನೆಗೆ ಹೋಗು. ಇಲ್ಲ ಅಂದರೆ ಬಂಧನ, ಕೋರ್ಟು.”

“ಕೊಟ್ಟಿರ್ನಿಲ್ಲ ಸಾ. ಕದ್ದೆ. ಕದ್ದೆ ಅಂತ್ಲೇ ಬರ್ಕಳಿ.”

“ಏಯ್, ಕೆಲಸ ಹೋಗುತ್ತೆ ನಿಂದು!” ಎಂದ ಮೋಹನ್‌ಕುಮಾರ್.

“ಓಗ್ಲಿ. ನನ್ ತಂಗಿ ಸತ್ತಾಗ ಏನಂದ್ರಿ? ಮಾಸ್ಕು ದಿನಾ ಕೊಡ್ತಿದ್ವಿ, ಅವ್ಳೇ ಆಕ್ಕಳ್ನಿಲ್ಲ ಅಂದ್ರಿ. ಅವಳ ಮಗಳ ಮುಂದೆ ಇದೇ ಪುಸ್ತಕ ತೋರ್ಸುದ್ರಿ. ಆ ಮಗು ಇವತ್ಗೂ ಅವ್ವಂದೇ ತಪ್ಪು ಅಂತದೆ.” ಅವಳು ಮುರಳೀಕೃಷ್ಣನನ್ನು ನೋಡಿದಳು. “ವರ್ಸದಿಂದ ಬೀರು ತೆಗ್ದಿಲ್ಲ ಅನ್ನೋ ಈ ಕಾಗ್ದ ಕೋರ್ಟ್ಗೋಯ್ತದಾ ಸಾ?”

“ಹೋಗುತ್ತೆ.”

“ಅಂಗಾರೆ ಬರ್ಕಳಿ.”

4.10ಕ್ಕೆ ಮಹಿಳಾ ಕಾನ್‌ಸ್ಟೇಬಲ್ ರಂಜಿನಿ ಅವಳನ್ನು ಬಂಧಿಸಿದಳು. ಮರುದಿನ ಬೆಳಿಗ್ಗೆ ಚನ್ನರಾಯಪಟ್ಟಣದ ಕೋರ್ಟಿಗೆ ಹಾಜರುಪಡಿಸಿದರು.

ಅದೇ ಮಂಗಳವಾರ ಕಾರ್ಖಾನೆಗೆ ಹಾಸನದಿಂದ ಮಾಸ್ಕುಗಳ ಹೊಸ ಡಬ್ಬಿ ಬಂತು. ಹೊಸ ಪುಸ್ತಕವೂ ಬಂತು. ಒಂಬತ್ತು ಹೆಂಗಸರು ಒಂದಿಡೀ ದಿನ ಕೂತು ವರ್ಷದ ಹೆಬ್ಬೆಟ್ಟು ಒತ್ತಿದರು. ಗುರುವಾರ ಆಡಿಟ್ ನಡೆಯಿತು. ಸರ್ಟಿಫಿಕೇಟ್ ನವೀಕರಣವಾಯಿತು. ಬಂದವರು ಫಲಕದ ಮುಂದೆ ಫೋಟೊ ತೆಗೆಸಿಕೊಂಡರು.

ಹಳೆಯ ಪುಸ್ತಕ ಠಾಣೆಯ ಜಪ್ತಿ ಪಟ್ಟಿಯಲ್ಲಿ ಎರಡನೆಯ ವಸ್ತು. ಮೊದಲನೆಯದು, ‘ಮಾಸ್ಕ್ ಹನ್ನೊಂದು, ಒಗೆದಿರುವವು’. ಅರಗು ಹಾಕುವ ಮೊದಲು ಮುರಳೀಕೃಷ್ಣ ಫೆಬ್ರವರಿಯ ಹಾಳೆಗಳನ್ನು ಇನ್ನೊಮ್ಮೆ ತಿರುವಿದ. ಪಾರ್ವತಮ್ಮ ತೀರಿಕೊಂಡದ್ದು 19ರಂದು. 20ರಿಂದ 28ರವರೆಗೆ, ಭಾನುವಾರವೂ ಶಿವರಾತ್ರಿ ರಜೆಯೂ ಸೇರಿ, ಒಂಬತ್ತು ದಿನ ಆಕೆ ಮಾಸ್ಕ್ ಪಡೆದಿದ್ದಳು. ಒಂಬತ್ತು ಹೆಬ್ಬೆಟ್ಟೂ ಆಕೆಯವೇ.